ಮಡಿಕೆ ಬಿರಿಯುವುದು ಕೈಕೆಲಸದ ಚೆಂದ ಅಲ್ಲ

ಶುಭಾಶಯದ ಕಾರ್ಡ್ ಮಾಡುವುದನ್ನು ಹೇಳಿಕೊಡುವ ತರಗತಿಯೊಂದರಲ್ಲಿ ನಿನ್ನೆ ಕೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಕಲಿಯಲು ಬಂದವರೊಬ್ಬರು ತಮ್ಮ ಕಾರ್ಡನ್ನು ಎತ್ತಿ ತೋರಿಸಿ, "ಮೇಡಂ, ಮಡಿಸಿದ ಕಡೆಯೆಲ್ಲ ಬೆಳ್ಳಗೆ ಬಿರುಕು ಬಿಟ್ಟಿದೆ, ಯಾಕೆ?" ಅಂತ ಕೇಳಿದರು. ಬಂದ ಉತ್ತರ ಇದು: "ಕೈಯಲ್ಲಿ ಮಾಡಿದ್ದಲ್ವಾ, ಅಷ್ಟು ಇದ್ದೇ ಇರುತ್ತೆ. ಅದೇ ಅದರ ಚೆಂದ." ಕೇಳಿದವರು ತಲೆಯಾಡಿಸಿ ಕೂತುಬಿಟ್ಟರು.

ಅಲ್ಲ, ಅದು ಚೆಂದ ಅಲ್ಲ. ಅದಕ್ಕೊಂದು ಕಾರಣ ಇದೆ. ಎರಡು ನಿಮಿಷದಲ್ಲಿ ಹೇಳಿಕೊಡಬಹುದಾದ ಪರಿಹಾರವೂ ಇದೆ. ಕಾಗದದ ವಿಷಯ ಬಂದರೆ ನಾನು ಎಷ್ಟು ಹಟ ಮಾಡುತ್ತೇನೆ ಅಂತ ಗೆಳೆಯರಿಗೆಲ್ಲ ಗೊತ್ತು. ಹಾಗಾಗಿ ಇವತ್ತು ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕಾಗದಕ್ಕೂ ಮರದ ಹಲಗೆಯ ಹಾಗೆ ಎಳೆ ಇರುತ್ತದೆ. ಗಿರಣಿಯಲ್ಲಿ ಕಾಗದ ತಯಾರಾಗುವಾಗ ತಿರುಳು ಓಡುವ ಜಾಲರಿಯ ಮೇಲೆ ಹರಿಯುತ್ತದೆ. ನಾರುಗಳಲ್ಲಿ ಹೆಚ್ಚಿನವು ಆ ಓಟದ ದಿಕ್ಕಿಗೇ ಮಲಗುತ್ತವೆ. ಎಳೆಯ ಉದ್ದಕ್ಕೆ ಮಡಿಸಿದರೆ ನಾರುಗಳ ನಡುವೆ ಮಡಿಕೆ ಕೂರುತ್ತದೆ. ಎಳೆಗೆ ಅಡ್ಡವಾಗಿ ಮಡಿಸಿದರೆ ಅಷ್ಟೂ ನಾರುಗಳನ್ನು ಬಗ್ಗಿಸಿ ಮುರಿಯಬೇಕು. ಹೊರಮೈಯ ನಾರು ಹರಿದು ಮೇಲೇಳುತ್ತದೆ. ಬಣ್ಣ ಮೇಲ್ಮೈಯಲ್ಲಿ ಮಾತ್ರ ಇದ್ದು ಒಳಗೆ ಬಿಳಿ ಇರುವ ಕಾರ್ಡ್‌ಸ್ಟಾಕ್ (ಕಾರ್ಡಿಗೆ ಬಳಸುವ ದಪ್ಪ ಹಾಳೆ) ಆದರೆ ಆ ಬಿಳಿ ಇಣುಕುತ್ತದೆ. ಅವರಿಗೆ ಕಂಡ ಬಿರುಕು ಅದೇ. ಒಳಗಿನವರೆಗೂ ಬಣ್ಣ ಇಳಿದ ಹಾಳೆಯೋ ಅಲ್ಲವೋ ತಿಳಿಯಲು ಒಂದು ಮೂಲೆ ಹರಿದು ನೋಡಿದರೆ ಸಾಕು, ಹರಿದ ಅಂಚೇ ಹೇಳುತ್ತದೆ.

ಎಳೆ ಯಾವ ಕಡೆ ಇದೆ ಅಂತ ತಿಳಿಯುವುದಕ್ಕೂ ಯಂತ್ರ ಬೇಡ. ಹಾಳೆಯನ್ನು ಮಡಿಕೆ ಬೀಳದ ಹಾಗೆ ಮೆಲ್ಲಗೆ ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಬಾಗಿಸಿ ಅಂಗೈಯಿಂದ ಒತ್ತಿ ನೋಡಿ. ಒಂದು ಕಡೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆ ಎದುರು ನಿಲ್ಲುತ್ತದೆ. ಸಲೀಸಾಗಿ ಬಾಗಿದಾಗ ಮಡಿಕೆಯ ಗೆರೆ ಎಲ್ಲಿ ಬೀಳುತ್ತಿತ್ತೋ ಎಳೆ ಓಡುವುದು ಅದೇ ದಿಕ್ಕಿಗೆ. ಅನುಮಾನ ಇದ್ದರೆ ಅಂಚಿನಿಂದ ಒಂದು ಚೂರು ಹರಿಯಿರಿ. ಎಳೆಯ ಉದ್ದಕ್ಕೆ ನೆಟ್ಟಗೆ ಹರಿಯುತ್ತದೆ, ಅಡ್ಡಕ್ಕೆ ಸೊಟ್ಟ ಸೊಟ್ಟವಾಗಿ.

ಇದು ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ನೋಡಿ. ಒಂದು ಎ4 ಹಾಳೆ, 210 × 297 ಮಿ.ಮೀ. ಎಳೆ ಉದ್ದಕ್ಕೆ ಇದೆ ಅಂದುಕೊಳ್ಳಿ. ಇದರಿಂದ ಎರಡು ಎ6 ಕಾರ್ಡ್ ಬರುತ್ತವೆ, ಆದರೆ ಕತ್ತರಿಸುವ ದಾರಿ ಎರಡು. 297ರ ನಡುವೆ ಅಡ್ಡಕ್ಕೆ ಕತ್ತರಿಸಿ, ಸಿಕ್ಕ 148.5 × 210ರ ತುಂಡನ್ನು 105ಕ್ಕೆ ಮಡಿಸಿದರೆ ಮಡಿಕೆ ಎಳೆಯ ಜೊತೆ ಓಡುತ್ತದೆ, ಪುಸ್ತಕದ ಹಾಗೆ ಬದಿಗೆ ತೆರೆಯುವ ಕಾರ್ಡ್ ಸಿಗುತ್ತದೆ. ಅದೇ ಹಾಳೆಯನ್ನು ಉದ್ದಕ್ಕೆ ಸೀಳಿ, 105 × 297ರ ಪಟ್ಟಿಯನ್ನು 148.5ಕ್ಕೆ ಮಡಿಸಿದರೂ ಕಾರ್ಡ್ ಅಷ್ಟೇ ದೊಡ್ಡದು, ಮೇಲಕ್ಕೆ ತೆರೆಯುತ್ತದೆ, ಆದರೆ ಮಡಿಕೆ ಎಳೆಗೆ ಅಡ್ಡ. ಅದೇ ಹಾಳೆ, ಅದೇ ಅಳತೆ, ಅದೇ ಕೈ. ಒಂದು ಬಿರಿಯುತ್ತದೆ, ಒಂದು ಬಿರಿಯುವುದಿಲ್ಲ. ತಪ್ಪು ಕೈಯದ್ದಲ್ಲ ಅಂದ ಮೇಲೆ "ಕೈಯಲ್ಲಿ ಮಾಡಿದ್ದಲ್ವಾ" ಅನ್ನುವ ಮಾತಿಗೆ ಏನು ಅರ್ಥ?

ಮೇಲಕ್ಕೆ ತೆರೆಯುವ ಕಾರ್ಡೇ ಬೇಕು ಅಂದರೆ ಅಡ್ಡ ಎಳೆಯ ಹಾಳೆ ಹುಡುಕಿ, ಇಲ್ಲವೇ ಗೆರೆ ಒತ್ತುವುದರಲ್ಲಿ ಇನ್ನಷ್ಟು ಜಾಗ್ರತೆ ಮಾಡಿ. ಗೆರೆ ಒತ್ತದೆ ದಪ್ಪ ಹಾಳೆಯನ್ನು ಮಡಿಸಲೇಬಾರದು. ಕಾರ್ಡಿನ ಮೈಗೆ 250ರಿಂದ 300 ಜಿಎಸ್ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಹಾಳೆ ಸರಿ. 200ಕ್ಕಿಂತ ಕಡಿಮೆಯಾದರೆ ಮೇಲೆ ಎರಡು ಪದರ ಅಂಟಿಸಿದ ಕೂಡಲೇ ಮುಂದಕ್ಕೆ ವಾಲುತ್ತದೆ, ನಿಲ್ಲುವುದಿಲ್ಲ. ಪದರಗಳಿಗೆ 160ರಿಂದ 200 ಧಾರಾಳ ಸಾಕು. ಎಲ್ಲಕ್ಕೂ 300 ಬಳಸಿದರೆ ಕಾರ್ಡ್ ಹಲಗೆಯಾಗುತ್ತದೆ.

ಗೆರೆ ಒತ್ತುವುದೆಂದರೆ ಬ್ಲೇಡಿನಿಂದ ಅರ್ಧ ಸೀಳುವುದಲ್ಲ. ಇದನ್ನೂ ಕೆಲವರು ಹಾಗೇ ಹೇಳಿಕೊಡುತ್ತಾರೆ. ಸೀಳಿದರೆ ಮೇಲಿನ ನಾರು ತುಂಡಾಗಿ, ನಾಲ್ಕು ಸಲ ತೆರೆದು ಮುಚ್ಚುವಷ್ಟರಲ್ಲಿ ಕಾರ್ಡ್ ಎರಡು ಹೋಳು. ನಾರನ್ನು ತುಂಡು ಮಾಡದೆ ಅದುಮಿ ತಗ್ಗು ಮಾಡಬೇಕು. ಬೋನ್ ಫೋಲ್ಡರ್ (ಕಾಗದದ ಮಡಿಕೆ ತೀಡುವ ಚಪ್ಪಟೆ ಸಾಧನ) ಇದ್ದರೆ ಅದರ ತುದಿ, ಇಲ್ಲದಿದ್ದರೆ ಇಂಕು ಪೂರ್ತಿ ಖಾಲಿಯಾದ ಬಾಲ್ ಪೆನ್ನು ಮತ್ತು ಸ್ಟೀಲ್ ಸ್ಕೇಲು. ಕೆಳಗೆ ನಾಲ್ಕೈದು ಸಾದಾ ಹಾಳೆ ಹಾಸಿಕೊಳ್ಳಿ, ಗಟ್ಟಿ ಮೇಜಿನ ಮೇಲೆ ತಗ್ಗು ಬೀಳುವುದಿಲ್ಲ. ಮೊದಲ ಸಲ ಹಗುರವಾಗಿ, ಎರಡನೇ ಸಲ ಒತ್ತಿ ಎಳೆಯಿರಿ. ಒಂದೇ ಸಲಕ್ಕೆ ಬಲ ಹಾಕಿದರೆ ಸ್ಕೇಲು ಜರುಗುತ್ತದೆ.

ಇನ್ನು ತುಂಬಾ ಜನ ತಪ್ಪುವ ಜಾಗ. ಗೆರೆ ಒತ್ತಿದಾಗ ಒಂದು ಕಡೆ ತಗ್ಗು, ಹಿಂದೆ ಉಬ್ಬು. ತಗ್ಗಿನ ಕಡೆಗೇ ಮಡಿಸಬೇಕು ಅಂತ ಕಣ್ಣಿಗೆ ಅನ್ನಿಸುತ್ತದೆ. ತಿರುಗಿಸಿ ಮಡಿಸಬೇಕು. ಉಬ್ಬು ಕಾರ್ಡಿನ ಒಳಗೆ ಬರಬೇಕು, ತಗ್ಗು ಹೊರಗೆ. ಆಗ ಹೊರಮೈ ಹೆಚ್ಚು ಹಿಗ್ಗಬೇಕಾಗುವುದಿಲ್ಲ, ಬಿರಿಯುವುದೂ ಕಡಿಮೆ. ಅಂದರೆ ಗೆರೆ ಒತ್ತಬೇಕಾದ್ದು ಕಾರ್ಡಿನ ಹೊರಮೈಯಲ್ಲಿ. ಮಡಿಸಿದ ಮೇಲೆ ಬೋನ್ ಫೋಲ್ಡರಿನಿಂದ ತೀಡುವಾಗ ಮೇಲೊಂದು ಚೂರು ಕಾಗದ ಇಟ್ಟುಕೊಳ್ಳಿ. ನೇರವಾಗಿ ತೀಡಿದರೆ ಬಣ್ಣದ ಹಾಳೆಯ ಮೇಲೆ ಮಿರಿಮಿರಿ ಗೆರೆ ಉಳಿಯುತ್ತದೆ, ಮತ್ತೆ ಹೋಗುವುದಿಲ್ಲ.

ಕಾರ್ಡಿನ ಮೇಲೆ ಚಿತ್ರ ಒತ್ತುವ ಸ್ಟ್ಯಾಂಪಿನ ವಿಷಯಕ್ಕೂ ಅದೇ ಮಾತು ಕೇಳುತ್ತೇನೆ. ಅಚ್ಚು ಅರ್ಧ ಮೂಡಿದರೆ, ಅಂಚು ಮಸುಕಾದರೆ, "ಕೈಯಲ್ಲಿ ಒತ್ತಿದ್ದಲ್ವಾ". ಹೊಸ ಪಾರದರ್ಶಕ ಸ್ಟ್ಯಾಂಪಿನ ಮೇಲೆ ಇಂಕು ಹನಿಹನಿಯಾಗಿ ನಿಂತರೆ ತಯಾರಿಕೆಯ ಜಿಡ್ಡು ಇನ್ನೂ ಹೋಗಿಲ್ಲ ಅಂತ ಅರ್ಥ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಅದರ ಮುಖವನ್ನು ಹಗುರವಾಗಿ ಉಜ್ಜಿ, ಹುಡಿ ಒರೆಸಿ ಬಳಸಿ. ಇಂಕ್ ಪ್ಯಾಡಿನ ಮೇಲೆ ಸ್ಟ್ಯಾಂಪನ್ನು ಅದುಮಬೇಡಿ. ಸ್ಟ್ಯಾಂಪನ್ನು ಮೇಲ್ಮುಖ ಮಾಡಿ ಪ್ಯಾಡಿನಿಂದ ಮೆಲ್ಲಗೆ ತಟ್ಟಿ. ಅದುಮಿದರೆ ಚಿತ್ರದ ಸಂದುಗಳಿಗೂ ಇಂಕು ಇಳಿದು ಸುತ್ತ ಕಲೆಯಾಗಿ ಮೂಡುತ್ತದೆ. ಪಾರದರ್ಶಕ ಸ್ಟ್ಯಾಂಪಿಗೆ ಕೆಂಪು ರಬ್ಬರ್ ಸ್ಟ್ಯಾಂಪಿಗಿರುವ ಫೋಮಿನ ಮೆತ್ತೆ ಇರುವುದಿಲ್ಲ. ಅದಕ್ಕೇ ಹಾಳೆಯ ಕೆಳಗೆ ತೆಳು ಫೋಮ್ ಶೀಟು ಇಡಬೇಕು. ಸ್ಟ್ಯಾಂಪು ಅಂಟಿಸಿ ಹಿಡಿಯುವ ಪಾರದರ್ಶಕ ಬ್ಲಾಕನ್ನು ನೆಟ್ಟಗೆ ಇಳಿಸಿ, ನಾಲ್ಕೂ ಮೂಲೆ ಒಂದೇ ಸಮ ಒತ್ತಿ, ನೆಟ್ಟಗೆ ಎತ್ತಿ. ಆಚೀಚೆ ತೂಗಾಡಿಸಿದರೆ ಸ್ಟ್ಯಾಂಪಿನ ಅಂಚೂ ಅಚ್ಚಾಗುತ್ತದೆ. ಅದೇ ಜಾಗಕ್ಕೆ ಎರಡನೇ ಸಲ ಒತ್ತಬೇಕಾದರೆ ಹಾಳೆಯನ್ನೂ ಸ್ಟ್ಯಾಂಪನ್ನೂ ಅಲುಗದ ಹಾಗೆ ಹಿಡಿಯುವ ಆಯಸ್ಕಾಂತದ ಸ್ಟ್ಯಾಂಪಿಂಗ್ ಫ್ರೇಮು ಬೇಕು, ಕಣ್ಣಳತೆ ನಂಬಬೇಡಿ.

ಇಂಕಿನಲ್ಲಿ ಆಗುವ ಅನಾಹುತವಂತೂ ನನಗೆ ಅತಿ ಬೇಸರದ್ದು, ಯಾಕೆಂದರೆ ಗಂಟೆಗಟ್ಟಲೆ ಬಣ್ಣ ತುಂಬಿದ ಮೇಲೆ ಗೊತ್ತಾಗುತ್ತದೆ. ನೀರಿನ ಬಣ್ಣ ಹಚ್ಚುವುದಾದರೆ ಗೆರೆ ನೀರಿಗೆ ಕರಗದ ಇಂಕಿನಲ್ಲಿರಬೇಕು, ಸ್ಟೇಜ್‌ಆನ್ ಅನ್ನುವ ಬ್ರ್ಯಾಂಡಿನ ಥರದ್ದು. ಆಲ್ಕೋಹಾಲ್ ಮಾರ್ಕರ್ ಬಳಸುವುದಾದರೆ ಅದೇ ಸ್ಟೇಜ್‌ಆನ್ ಕೈಕೊಡುತ್ತದೆ. ಅದು ಸಾಲ್ವೆಂಟ್ ಇಂಕು, ಮಾರ್ಕರಿನ ಸ್ಪಿರಿಟ್ಟಿಗೆ ಕರಗಿ ಕಪ್ಪು ಹರಡುತ್ತದೆ. ಅಲ್ಲಿಗೆ ಮೆಮೆಂಟೋ ಬ್ರ್ಯಾಂಡಿನ ಥರದ ಡೈ ಇಂಕು (ಹಾಳೆಯೊಳಗೆ ಹೀರಿಕೊಳ್ಳುವ ಇಂಕು) ಬೇಕು. ನುಣುಪು ಲೇಪನದ ಹಾಳೆಯ ಮೇಲೆ ಪಿಗ್ಮೆಂಟ್ ಇಂಕು ಬಹಳ ಹೊತ್ತು ಒಣಗದೆ ಮುಟ್ಟಿದರೆ ಸವರಿಕೊಳ್ಳುತ್ತದೆ. ಅದು ಒಳಗೆ ಹೀರಿಕೊಳ್ಳದೆ ಮೇಲೆಯೇ ನಿಲ್ಲುವ ಇಂಕು. ಆ ನಿಧಾನವೇ ಎಂಬಾಸಿಂಗಿಗೆ (ಹಸಿ ಇಂಕಿನ ಮೇಲೆ ಪೌಡರ್ ಉದುರಿಸಿ, ಕಾಯಿಸಿ ಕರಗಿಸಿ ಅಚ್ಚನ್ನು ಉಬ್ಬಿಸುವುದಕ್ಕೆ) ಬೇಕಾದ್ದು, ಪೌಡರ್ ಹಿಡಿಯಲು ಸಮಯ ಸಿಗುತ್ತದೆ.

ಎಂಬಾಸಿಂಗ್ ಮಾಡುವಾಗ ಬೇಡದ ಕಡೆಯೆಲ್ಲ ಪೌಡರಿನ ಕಣ ಅಂಟುವುದು ಕೈಯ ಜಿಡ್ಡಿನಿಂದ ಮತ್ತು ಹಾಳೆಯಲ್ಲಿರುವ ಸ್ಥಿರ ವಿದ್ಯುತ್ತಿನಿಂದ. ಅಚ್ಚೊತ್ತುವ ಮೊದಲೇ ಆಂಟಿಸ್ಟ್ಯಾಟಿಕ್ ಪೌಡರಿನ ಚೀಲ ಉಜ್ಜಿ, ಉಳಿದ ಕಣಗಳನ್ನು ಒಣ ಕುಂಚದಿಂದ ತೆಗೆಯಿರಿ. ಹೀಟ್ ಗನ್ನನ್ನು ಹಾಳೆಯಿಂದ ದೂರ ಹಿಡಿದು ಚೆನ್ನಾಗಿ ಬಿಸಿಯಾಗಲು ಬಿಟ್ಟು ಆಮೇಲೆ ಹತ್ತಿರ ತನ್ನಿ. ತಣ್ಣಗಿರುವಾಗಲೇ ಹಿಡಿದರೆ ಪೌಡರ್ ಕರಗುವ ಹೊತ್ತಿಗೆ ಹಾಳೆ ಸೊಟ್ಟಗಾಗಿರುತ್ತದೆ. ಕರಗಿ ಹೊಳೆದ ಕ್ಷಣ ಮುಂದಕ್ಕೆ ಸರಿಸಿ. ಇನ್ನೂ ಕಾಯಿಸಿದರೆ ಹಾಳೆಯೊಳಗೆ ಇಳಿದು ಎಣ್ಣೆ ಬಿದ್ದ ಕಲೆಯ ಹಾಗೆ ಕಾಣುತ್ತದೆ. ಕೂದಲು ಒಣಗಿಸುವ ಡ್ರೈಯರಿನಿಂದ ಆಗುವುದಿಲ್ಲ, ಅದರ ಗಾಳಿ ಜಾಸ್ತಿ, ಕಾವು ಕಡಿಮೆ. ಪೌಡರೆಲ್ಲ ಹಾರಿಹೋಗುತ್ತದೆ.

ಈಗ ಕೆಲವರು ಹೇಳುವುದು ನನಗೆ ಗೊತ್ತಿದೆ. "ಎಲ್ಲರ ಹತ್ತಿರವೂ ಇಷ್ಟೆಲ್ಲ ಸಾಮಾನು ಇರುತ್ತಾ? ಪ್ರೀತಿಯಿಂದ ಕೊಟ್ಟಿದ್ದನ್ನು ಅಳತೆಪಟ್ಟಿ ಹಿಡಿದು ನೋಡಬೇಕಾ?" ಪುಟ್ಟ ಮಗು ಮಾಡಿಕೊಟ್ಟ ಕಾರ್ಡನ್ನು ಯಾರೂ ಹಾಗೆ ನೋಡುವುದಿಲ್ಲ, ನಾನೂ ನೋಡುವುದಿಲ್ಲ. ಆದರೆ ಕಲಿಯಬೇಕು ಅಂತ ಬಂದು, ಯಾಕೆ ಹೀಗಾಯಿತು ಅಂತ ಬಾಯಿಬಿಟ್ಟು ಕೇಳಿದವರಿಗೆ ಪ್ರೀತಿಯ ಮಾತು ಹೇಳಿ ಕಳಿಸುವುದು ಪ್ರೀತಿ ಅಲ್ಲ. ಸಾಮಾನಿನ ಮಾತೂ ಅಷ್ಟೇ. ಎಳೆ ನೋಡಲು ಅಂಗೈ ಸಾಕು, ಗೆರೆ ಒತ್ತಲು ಖಾಲಿ ಪೆನ್ನು ಸಾಕು. ಸಾಮಾನಿಲ್ಲದವರಿಗೇ ಈ ತಿಳಿವಳಿಕೆ ಹೆಚ್ಚು ಬೇಕು, ಅವರ ಒಂದೊಂದು ಹಾಳೆಯೂ ಲೆಕ್ಕದ್ದು.

ಕೈಕೆಲಸ ಅಂದರೆ ಅಚ್ಚುಕಟ್ಟು ಇಲ್ಲದ್ದು ಅನ್ನುವ ಅರ್ಥ ಯಾವಾಗ ಬಂತೋ. 1843ರಲ್ಲಿ ಇಂಗ್ಲೆಂಡಿನ ಹೆನ್ರಿ ಕೋಲ್ ಮಾಡಿಸಿದ, ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡು ಲಿಥೋದಲ್ಲಿ (ಕಲ್ಲಚ್ಚಿನಲ್ಲಿ) ಅಚ್ಚಾಗಿತ್ತು, ಬಣ್ಣ ತುಂಬಿದ್ದು ಕೈಯಲ್ಲೇ. 1840ರ ದಶಕದ ಕೊನೆಯಲ್ಲಿ ಅಮೆರಿಕದ ವೂಸ್ಟರ್ ಊರಿನಲ್ಲಿ ಎಸ್ತರ್ ಹೌಲ್ಯಾಂಡ್ ವ್ಯಾಲೆಂಟೈನ್ ಕಾರ್ಡುಗಳನ್ನು ಮಾಡಿಸಲು ಶುರುಮಾಡಿದ್ದು ಹೆಂಗಸರನ್ನು ಮೇಜಿನ ಸುತ್ತ ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿ. ಕಾಗದದ ಲೇಸು ಪದರ ಪದರವಾಗಿ ಕೂರಬೇಕಾದ ಕೆಲಸ ಅದು. ಎಲ್ಲವೂ ಕೈಯಲ್ಲೇ, ಎಲ್ಲವೂ ಮಾದರಿಗೆ ಸರಿಯಾಗಿ.

ಪದರದ ಅಳತೆ ಹೇಳಿಬಿಡುತ್ತೇನೆ. 105 × 148ರ ಮುಖಕ್ಕೆ ಮೊದಲ ಪದರ 99 × 142, ಸುತ್ತ 3 ಮಿ.ಮೀ. ಅಂಚು ಉಳಿಯುತ್ತದೆ. ಅದರ ಮೇಲಿನದು 96 × 139, ಅಂಚು 1.5. ಸುತ್ತ ಒಂದೇ ಸಮ ಇರದಿದ್ದರೆ ಒಂದು ಮಿ.ಮೀ. ಹೆಚ್ಚುಕಡಿಮೆಯೂ ಕಣ್ಣಿಗೆ ಹೊಡೆಯುತ್ತದೆ. ಕತ್ತರಿಸಿದ ಅಂಚು ನಾರುನಾರಾಗಿದ್ದರೆ ಬ್ಲೇಡು ಮೊಂಡಾಗಿದೆ, ಬದಲಿಸಿ. ನೀರಿನಂಶದ ಬಿಳಿ ಅಂಟನ್ನು ಪೂರ್ತಿ ಬಳಿಯಬೇಡಿ. ನಾರು ನೀರು ಕುಡಿದು ಹಿಗ್ಗುತ್ತದೆ, ಎಳೆಗೆ ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ, ಕಾರ್ಡು ದೋಣಿಯಾಗುತ್ತದೆ. ಸಣ್ಣ ಚುಕ್ಕೆಗಳು ಸಾಕು, ಅಂಚಿನಿಂದ ಸ್ವಲ್ಪ ಒಳಗೆ, ಆಮೇಲೆ ದಪ್ಪ ಪುಸ್ತಕದ ಕೆಳಗೆ. ಎರಡು ಪದರದ ಎಳೆಯೂ ಒಂದೇ ದಿಕ್ಕಿಗಿದ್ದರೆ ಇನ್ನೂ ಒಳ್ಳೆಯದು.

ಉಡುಗೊರೆಯ ಪೆಟ್ಟಿಗೆಯ ಮುಚ್ಚಳ ಕೂರುವುದಿಲ್ಲ ಅನ್ನುವವರಿಗೂ ಇದೇ ಉತ್ತರ ಸಿಕ್ಕಿರುತ್ತದೆ, ಆದ್ದರಿಂದ ಅದನ್ನೂ ಬರೆಯುತ್ತೇನೆ. 250 ಜಿಎಸ್ಎಂನ ಒಂದೇ ಎ4ರಲ್ಲಿ ಪೆಟ್ಟಿಗೆ, ಮುಚ್ಚಳ ಎರಡೂ ಆಗುತ್ತವೆ. ಪೆಟ್ಟಿಗೆಗೆ 150 ಮಿ.ಮೀ. ಚೌಕ, ನಾಲ್ಕೂ ಕಡೆ 30ಕ್ಕೆ ಗೆರೆ, ತಳ 90. ಮುಚ್ಚಳಕ್ಕೆ 132ರ ಚೌಕ, ನಾಲ್ಕೂ ಕಡೆ 20ಕ್ಕೆ ಗೆರೆ, ಒಳಗೆ 92. ಆ ಎರಡು ಮಿ.ಮೀ. ಬಿಡಲೇಬೇಕು. ಹಾಳೆಗೆ ದಪ್ಪ ಇದೆ, ಮೂಲೆಯಲ್ಲಿ ಕಿವಿ (ಒಳಕ್ಕೆ ಮಡಿಸಿ ಅಂಟಿಸುವ ಮೂಲೆಯ ತುಂಡು) ಅಂಟಿಸಿದ ಕಡೆ ಅದು ದುಪ್ಪಟ್ಟಾಗುತ್ತದೆ. ಎರಡಕ್ಕೂ 90 ಇಟ್ಟರೆ ಮುಚ್ಚಳ ಬಿಗಿಯಾಗಿ ಮೂಲೆ ಹರಿಯುತ್ತದೆ. ಎದುರು ಬದುರಿನ ಎರಡು ಬದಿಗಳಲ್ಲಿ ಮಾತ್ರ, ಅಂಚಿನಿಂದ ಅಡ್ಡ ಗೆರೆ ಸಿಗುವವರೆಗೆ, ಗೆರೆಯ ಮೇಲೆ ಕತ್ತರಿಸಿ, ಒಟ್ಟು ನಾಲ್ಕು ಕಡಿತ. ಕಿವಿಗಳ ಅಂಚನ್ನು ಚೂರು ಓರೆಯಾಗಿ ಸವರಿದರೆ ಮೇಲೆ ಇಣುಕುವುದಿಲ್ಲ. ಇಲ್ಲಿ ನಾಲ್ಕು ಮಡಿಕೆಯಲ್ಲಿ ಎರಡು ಎಳೆಗೆ ಅಡ್ಡ ಬಂದೇ ಬರುತ್ತವೆ, ಅವನ್ನು ಎರಡು ಸಲ ಒತ್ತಿ, ಹೊರಮೈಯ ಕಡೆಯಿಂದ.

ಕಾರ್ಡಿಗೆ ಲಕೋಟೆ ಸಿ6, ಅಂದರೆ 114 × 162. ಫೋಮ್ ಟೇಪಿನಿಂದ ಎತ್ತರಿಸಿದ ಹೂವೋ ಹೆಸರೋ ಇದ್ದರೆ ಅಂಚಿಗಷ್ಟೇ ಅಲ್ಲ, ನಡುವಿಗೂ ಒಂದು ತುಂಡು ಟೇಪು ಹಾಕಿ. ಇಲ್ಲದಿದ್ದರೆ ಅಂಚೆಯಲ್ಲಿ ಬೇರೆ ಲಕೋಟೆಗಳ ಭಾರಕ್ಕೆ ನಡುವೆ ಗುಳಿ ಬೀಳುತ್ತದೆ. ನಿನ್ನೆ ಆ ಪ್ರಶ್ನೆ ಕೇಳಿದವರು ಇದನ್ನು ಓದುತ್ತಿದ್ದರೆ, ನಿಮ್ಮ ಹಾಳೆಯ ಉಳಿದ ತುಂಡನ್ನು ತೆಗೆದುಕೊಂಡು ಎರಡೂ ಕಡೆ ಬಾಗಿಸಿ ನೋಡಿ.