ಒಂದು ಪ್ರಿಂಟ್ ಕೇಳಿದ್ದು ಅಷ್ಟು ದೊಡ್ಡ ತಪ್ಪಾ?

ಈಗಷ್ಟೇ ಮನೆಗೆ ಬಂದೆ. ಕೈಗೆ ಅಂಟಿದ ಟೈರಿನ ಕರಿ ಇನ್ನೂ ಹಾಗೇ ಇದೆ. ತೊಳೆಯೋಕೂ ಮನಸ್ಸಿಲ್ಲ.

ಕಾರಿನ ವೀಲ್ ಅಲೈನ್‌ಮೆಂಟಿಗೆ, ಅಂದರೆ ಚಕ್ರಗಳ ಕೋನ ಸರಿ ಮಾಡಿಸೋಕೆ, ಹೋಗಿದ್ದು ಇದು ಮೂರನೇ ಸಲ. ಅದೇ ಅಂಗಡಿ, ಅದೇ "ಓಕೆ ಐತೆ, ತಗೊಂಡ್ ಹೋಗ್ರಿ". ಬಳ್ಳಾರಿಯ ಸುಧಾ ಕ್ರಾಸ್ ಮುಟ್ಟುವಷ್ಟರಲ್ಲಿ ಗೊತ್ತಾಯಿತು. ಗಾಡಿ ನೇರ ಹೋಗುತ್ತಿದೆ, ಸ್ಟೇರಿಂಗ್ ಮಾತ್ರ ಎಡಕ್ಕೆ ಸೊಟ್ಟ. ಇದು ಓಕೆನಾ?

ಹೌದು, ಸ್ಪ್ರಿಂಗ್ ಬದಲಿಸಿ ಗಾಡಿಯನ್ನು 40 ಎಂಎಂ ಇಳಿಸಿದ್ದು ನಾನೇ. ಅದನ್ನು ಯಾರೂ ನನಗೆ ನೆನಪಿಸಬೇಕಿಲ್ಲ. ಹಾಕಿದವನು ಹೇಳಿದ್ದು ಒಂದೇ ಮಾತು: "ಒಂದ್ ಸಲ ಅಲೈನ್‌ಮೆಂಟ್ ಮಾಡ್ಸಿಬಿಡ್ರಿ, ಸಾಕು". ಹೊಸ ಸ್ಪ್ರಿಂಗ್ ಕೂತ ಮೇಲೆ, ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೆ ನೋಡಿಸಬೇಕು ಅಂತ ಹೇಳಲೇ ಇಲ್ಲ. ಗಾಡಿ ತಗ್ಗಿದರೆ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಅದು ಕ್ಯಾಂಬರ್. ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಕೋನ ಬದಲಾಗಿ ಟೋ, ಅಂದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರೋ ಅಳತೆ, ಕೂಡ ಕೆಡುತ್ತದೆ. ಟೈರನ್ನು ಬೇಗ ತಿನ್ನೋದು ಈ ಟೋ. ಇದೆಲ್ಲ ನಾನು ಕಲಿತದ್ದು ಟೈರ್ ಹೋದ ಮೇಲೆ.

ಇವತ್ತು ಬೆಳಿಗ್ಗೆ ಪಿಟ್ ಹತ್ತುವಾಗಲೇ ಬಂಪರ್ ಕರ್ ಅಂತು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಅಂಗಡಿ ಹುಡುಗ ಕೆಳಗೆ ಇಳಿದ. ಸ್ಟೇರಿಂಗ್ ಅಲುಗದ ಹಾಗೆ ಅದಕ್ಕೆ ಲಾಕ್ ಹಾಕಲಿಲ್ಲ. ಸ್ಪ್ಯಾನರ್ ಹಾಕಿದ್ದು ಬಲಗಡೆಯ ಟೈ ರಾಡಿಗೆ ಮಾತ್ರ. ನಾನೇ ಬಗ್ಗಿ ನೋಡಿದೆ. ಸ್ಟೇರಿಂಗ್ ನೇರ ಹಿಡಿಸಿ ಎರಡೂ ಕಡೆ ತಿರುಗಿಸಬೇಕು ಅಲ್ವಾ? ಒಂದೇ ಕಡೆ ತಿರುಗಿಸಿದರೆ ಕಂಪ್ಯೂಟರಲ್ಲಿ ಟೋ ಹಸಿರು, ಅಂದರೆ ಸರಿ ಅಂತ, ಬರಬಹುದು, ಆದರೆ ಸ್ಟೇರಿಂಗ್ ಸೊಟ್ಟ ನಿಲ್ಲುತ್ತದೆ.

"ಅಣ್ಣ, ಮೊದಲಿಂದು, ಆಮೇಲಿಂದು, ಎರಡೂ ಅಳತೆ ಪ್ರಿಂಟ್ ಕೊಡ್ತೀರಾ?" ಅಂದೆ. ಇಷ್ಟೇ ಕೇಳಿದ್ದು.

ಮಾಲೀಕ ಎದ್ದು ಬಂದ. ಮುಂದಿನ ಟೈರಿನ ಒಳಗಡೆ ಕೈ ಆಡಿಸಿದ. ಹೊರಗಡೆ ಟೈರಿನ ಬಟನ್ (ಹಿಡಿತದ ಗುಬ್ಬಿ) ಹೊಸದರ ಹಾಗಿದೆ, ಒಳಗೆ ನುಣ್ಣಗೆ ಸವೆದು ತಂತಿ ಎದ್ದಿದೆ. ಕರಿ ಹತ್ತಿದ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. "ನೋಡ್ರಿ ಯಜಮಾನ್ರೇ, ನಿಮ್ ಹುಡುಗ ಶೋಕಿಗೆ ಗಾಡಿ ಕೂರಿಸ್ಯಾನ. ಈಗ ಪ್ರಿಂಟ್ ಕೇಳ್ತಾನ!" ಚಹಾ ಕುಡಿಯುತ್ತಿದ್ದವರು ನಕ್ಕರು. ಲಾರಿ ಡ್ರೈವರ್ ಒಬ್ಬರು ಗ್ಲಾಸ್ ಕೆಳಗಿಟ್ಟು ನಕ್ಕರು. ಅಪ್ಪ ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಜೇಬಿಂದ ದುಡ್ಡು ತೆಗೆದು, ಎಣಿಸಿ ಕೊಟ್ಟರು. ಅವರು ಎಣಿಸುತ್ತಿದ್ದ ಬೆರಳುಗಳೇ ಈಗಲೂ ಕಣ್ಣ ಮುಂದೆ ಇವೆ.

ಬಿಡಿ. ಇಳಿಸಬಾರದಿತ್ತು. ಬಳ್ಳಾರಿ ರಸ್ತೆಗೆ, ಅದಿರು ಲಾರಿ ಓಡಾಡಿ ಬಿದ್ದ ಗುಂಡಿಗಳಿಗೆ ಇದೆಲ್ಲ ಬೇಡವಾಗಿತ್ತು. ಹಳೇ ಸ್ಪ್ರಿಂಗ್ ಹಾಕಿಸಿಬಿಡ್ತೀನಿ.

ಇಲ್ಲ, ಯಾಕೆ ಬಿಡಬೇಕು? ಮೂರು ಸಲ ದುಡ್ಡು ತಗೊಂಡಿದ್ದಾರೆ. ನನ್ನ ಗಾಡಿಯಲ್ಲಿ ಮುಂದೆ ಟೋ ಮಾತ್ರ ತಿರುಗಿಸೋಕೆ ಬರುತ್ತದೆ. ಕ್ಯಾಂಬರ್ ಸರಿ ಮಾಡೋಕೆ ಬೇರೆ ಬೋಲ್ಟ್ ಹಾಕಬೇಕು. ಹಿಂದಿನ ಎರಡೂ ಚಕ್ರ ಜೋಡಿಸಿರುವ ಬೀಮಿನಲ್ಲಿ ತಿರುಗಿಸೋಕೆ ಏನೂ ಇಲ್ಲ. "ಇದು ನಮ್ಮ ಕೈಲಿ ಆಗಲ್ಲ" ಅಂತ ಮೊದಲ ದಿನವೇ ಹೇಳಿದ್ದರೆ ನಾನು ಬೈತಿದ್ದೆನಾ? ಆಗದ ಕೆಲಸಕ್ಕೆ ಓಕೆ ಅಂದಿದ್ದು ಯಾಕೆ?

ಯಾರಾದರೂ ಉತ್ತರ ಕೊಡಿ. ಬಳ್ಳಾರಿಯಲ್ಲಿ, ಹೊಸಪೇಟೆಯಲ್ಲಿ, ಎಲ್ಲಾದರೂ ಸರಿ. ಸ್ಟೇರಿಂಗಿಗೆ ಲಾಕ್ ಹಾಕಿ, ಕ್ಯಾಂಬರ್ ಬೋಲ್ಟ್ ಹಾಕಿ, ಕೈಗೆ ಪ್ರಿಂಟ್ ಕೊಡುವ ಒಬ್ಬರು ಇದ್ದಾರಾ? ಎರಡು ಹೊಸ ಟೈರ್ ಹಾಕಿಸಬೇಕು, ಅದನ್ನೂ ತಿನ್ನಿಸೋಕೆ ನನ್ನ ಕೈಲಿ ಆಗಲ್ಲ.

ಸೋಮವಾರ ಅಪ್ಪನನ್ನು ಗಂಗಾವತಿಗೆ ಕರೆದುಕೊಂಡು ಹೋಗಬೇಕಿತ್ತು. ಊಟಕ್ಕೆ ಕೂತಾಗ ಹೇಳಿದರು, "ನಾನು ಬಸ್ಸಿಗೆ ಹೋಗ್ತೀನಿ ಬಿಡು."