‘ಹೂವಿನಂತೆ ಮಡಚಿ’ ಅಂತೆ!

ಎಳ್ಳಿನ ಹಿಟ್ಟನ್ನು ಹೂವಾಗಿ ಮಡಚಿ, ಕರಿದು, ಜೇನಿನಲ್ಲಿ ಮುಳುಗಿಸುವ ಮೊರೊಕ್ಕೊದ ಸಿಹಿತಿಂಡಿ ಶೆಬಾಕಿಯಾ ಮಾಡುವ ವಿಧಾನ ಬರೆಯುವವರನ್ನು ಒಂದು ದಿನ ಹಿಡಿದು ಕೂರಿಸಬೇಕು. ಎಳ್ಳು ಹುರಿಯುವುದಕ್ಕೆ ಐದು ಸಾಲು! ಎಳ್ಳು ಹುರಿಯಲು ಬಾರದವರು ಯಾರಿದ್ದಾರೆ ಸ್ವಾಮಿ? ಪ್ರಾಣ ಹೋಗುವ ಜಾಗಕ್ಕೆ ಬಂದರೆ ಮಾತ್ರ ಒಂದೇ ಮಾತು: ‘ಹೂವಿನಂತೆ ಮಡಚಿ ಕರಿಯಿರಿ.’

ಹಿಟ್ಟಿನವರೆಗೆ ತಕರಾರಿಲ್ಲ. ಅರ್ಧ ಕಿಲೋ ಮೈದಾ, ಹುರಿದು ಪುಡಿ ಮಾಡಿದ ಎಳ್ಳು ಒಂದು ಬಟ್ಟಲು, ಕರಗಿಸಿದ ಬೆಣ್ಣೆ, ಆಲಿವ್ ಎಣ್ಣೆ, ಒಂದು ಮೊಟ್ಟೆ, ಒಂದಿಷ್ಟು ವಿನೆಗರ್, ಚೂರು ಯೀಸ್ಟ್, ದಾಲ್ಚಿನ್ನಿ, ಸೋಂಪು, ಕೇಸರಿ, ಕಿತ್ತಳೆ ಹೂವಿನ ನೀರು. ಪೂರಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಬೇಕು. ಮೆತ್ತಗಾದರೆ ಎಸಳುಗಳು ಅಂಟಿಕೊಂಡು ಮುದ್ದೆ. ಮುಚ್ಚಿಡದೆ ಒಣಗಿಸಿದರೆ ಮಡಚುವಾಗ ಪಟ್ ಅಂತ ಹರಿಯುತ್ತದೆ.

ಈಗ ಆ ‘ಹೂವು’. ತೆಳ್ಳಗೆ ಲಟ್ಟಿಸಿ, ಕರ್ಜಿಕಾಯಿಗೆ ಬಳಸುವ ಹಲ್ಲುಚಕ್ರದಲ್ಲಿ ಅಂಗೈಯಗಲದ ಆಯತ ಕತ್ತರಿಸಿ. ಒಳಗೆ ಉದ್ದಕ್ಕೆ ನಾಲ್ಕು ಸೀಳು, ಅಂಚಿಗೆ ತಾಗದಂತೆ. ಐದು ಪಟ್ಟಿಯಾಯಿತಲ್ಲ, ಒಂದು ಬಿಟ್ಟು ಒಂದನ್ನು ನಡುಬೆರಳಿಗೆ ಏರಿಸಿ. ಬೆರಳ ತುದಿಯ ಕಡೆ ಜೋಲುವ ಎರಡು ಮೂಲೆಗಳನ್ನು ಎಡಗೈಯಿಂದ ಹಿಸುಕಿ ಸೇರಿಸಿ. ಬೆರಳಿನಿಂದ ಜಾರಿಸುತ್ತಲೇ ಮೂಗಿನಂತೆ ಚೂಪಾದ ಆ ತುದಿಯನ್ನು ನಡುವಿನಿಂದ ಮುಂದಕ್ಕೆ ತಳ್ಳಿದರೆ ಒಳಗು ಹೊರಗಾಗಿ ಹೂವು ಅರಳುತ್ತದೆ. ಅರಳಬೇಕು. ಮೊದಲ ಹತ್ತು ಅರಳುವುದು ಅರ್ಧ ತಿರುವಿದ ಕಾಲುಚೀಲದ ಹಾಗೆ.

ಕೈಪಳಗಿದ ಅಜ್ಜಿಯನ್ನು ಕೇಳಿದಿರೋ, ಇನ್ನೂ ಕೆಟ್ಟಿತು. ಪಕ್ಕದವಳ ಜೊತೆ ಮಾತಾಡುತ್ತಾ, ಹಿಟ್ಟಿನ ಕಡೆ ನೋಡದೆಯೇ ಬೆರಳು ತಿರುವಿ, ‘ಹೀಗೆ’ ಅನ್ನುತ್ತಾಳೆ. ಹೇಗೆ? ‘ಹೀಗೇ!’ ನಮ್ಮಲ್ಲಿ ‘ಹದಕ್ಕೆ ಬಂದಾಗ ಇಳಿಸು’ ಅನ್ನುವವರ ಅಕ್ಕ.

ರಂಜಾನಿಗೆ ಮುಂಚಿನ ವಾರಗಳಲ್ಲಿ ಮನೆಯ, ನೆರೆಯ ಹೆಂಗಸರೆಲ್ಲ ಸುತ್ತ ಕೂತು ಮಾಡುವ ತಿಂಡಿ ಇದು. ಒಬ್ಬರು ಲಟ್ಟಿಸಿ, ಒಬ್ಬರು ಮಡಚಿ, ಒಬ್ಬರು ಬಾಣಲೆ ಕಾಯಬೇಕು. ಸಂಜೆ ಉಪವಾಸ ಬಿಡುವಾಗ ಹರೀರಾ ಸೂಪಿನ ಪಕ್ಕ ಅದು ಇರಲೇಬೇಕು. ಈಗ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿಸಿಕೊಂಡು ಬರುವವರೂ ಬಹಳ. ಆ ‘ಹೀಗೆ’ಯನ್ನು ನೋಡಿ ಕಲಿಯುವುದಾದರೂ ಎಲ್ಲಿ?

ಉರಿ ಮಧ್ಯಮ. ಎಣ್ಣೆ ಕುದಿದರೆ ಹೊರಗೆ ಕಂದು, ಒಳಗೆ ಹಸಿ. ಬಾಣಲೆಯಿಂದ ತೆಗೆದದ್ದು ನೇರ ಬಿಸಿ ಜೇನಿಗೆ, ಆರಿತೋ, ಹೀರುವುದಿಲ್ಲ. ಜೇನು ನೊರೆ ಬರುವಷ್ಟು ಕಾದರೆ ಸಾಕು, ಕುದಿಸುತ್ತಲೇ ಇದ್ದರೆ ಆರಿದ ಮೇಲೆ ಹಲ್ಲಿಗೆ ಹಬ್ಬ. ಐದಾರು ನಿಮಿಷ ಮುಳುಗಿಸಿ, ಸೋರಲು ಬಿಟ್ಟು, ಮೇಲೆ ಎಳ್ಳು.

ಎಳ್ಳು ಉದುರಿಸುವುದು ಹೇಗೆ ಅಂತ ಆ ವಿಧಾನ ಬರೆಯುವವರು ಮತ್ತೆ ಮೂರು ಸಾಲು ಬರೆದಿದ್ದಾರೆ, ನೋಡಿಕೊಳ್ಳಿ.