ರೈಲು ಬಾರದ ಊರು ಬರೆದಿಟ್ಟುಕೊಂಡ ಹೆಸರುಗಳು

ಅಮೆರಿಕದ ಕ್ಯಾನ್ಸಸ್‌ಗೆ ಬಂದು ನೆಲೆಸಿದ ಮೇಲೆ ನನಗೆ ತುಂಬ ಗೌರವ ಹುಟ್ಟಿಸಿದ ಊರು ನಿಕೋಡಿಮಸ್. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಕೆಂಟಕಿಯಿಂದ ಬಂದು 1877ರಲ್ಲಿ ಕಟ್ಟಿಕೊಂಡ ಬೇಸಾಯದ ಊರು ಅದು. ಮರವೇ ಅಪರೂಪವಾದ ಬಯಲು, ಮನೆಗೆ ತೊಲೆ ಎಲ್ಲಿಂದ ತರುವುದು? ನೆಲವನ್ನೇ ಅಗೆದು ಅದರೊಳಗೆ ಬದುಕಿದರು. ಮೊದಲ ಚಳಿಗಾಲದಲ್ಲಿ, ಬೇಟೆಯಿಂದ ಮರಳುತ್ತಿದ್ದ ಓಸೇಜ್ ಬುಡಕಟ್ಟಿನವರು ತಮ್ಮ ಆಹಾರದಲ್ಲಿ ಪಾಲು ಕೊಟ್ಟರು. ಆಮೇಲೆ ಹೊಲ, ಚರ್ಚು, ಶಾಲೆ, ಹೋಟೆಲು, ಎರಡು ಪತ್ರಿಕೆಗಳೂ ಆದವು. ಆದರೆ 1888ರಲ್ಲಿ ರೈಲುಹಳಿ ಸಾಲಮನ್ ನದಿಯ ಆಚೆ ದಡದಲ್ಲಿ ಹಾದುಹೋಯಿತು. ಅಂಗಡಿಯವರೆಲ್ಲ ಹಳಿಯ ಬಳಿಗೆ ಹೋದರು, ಅಲ್ಲಿ ಬೋಗ್ ಎಂಬ ಊರೇ ಎದ್ದಿತು. 1953ರಲ್ಲಿ ನಿಕೋಡಿಮಸ್‌ನ ಅಂಚೆ ಕಚೇರಿಯೂ ಮುಚ್ಚಿತು.

ಈಗ ಅಲ್ಲಿ ಉಳಿದಿರುವುದು ಬೆರಳೆಣಿಕೆಯ ಮನೆಗಳು. ಆದರೂ ಪ್ರತಿ ಜುಲೈ ಕೊನೆಗೆ ಮೂಲ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ದೇಶದ ಮೂಲೆಮೂಲೆಯಿಂದ ಬಂದು ಸೇರುತ್ತಾರೆ. 1996ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಶಾಲೆ ನಡೆಸಿದ ಜೆನ್ನಿ ಫ್ಲೆಚರ್ ಅವರಿಂದ ಹಿಡಿದು, ಯಾರು ಯಾವ ಜಮೀನು ಉತ್ತರು ಎಂಬುದರವರೆಗೆ ದಾಖಲೆ ಸಿಗುತ್ತದೆ.

ನಮ್ಮ ತಿಪಟೂರಿಗೆ ರೈಲು ಬಂತು, ಕೊಬ್ಬರಿ ಮಂಡಿ ಬೆಳೆಯಿತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಒಣಗಿಸಿ ಉಂಡೆ ಕೊಬ್ಬರಿ ಮಾಡುವ ಕಸುಬು ಎಷ್ಟು ಸಂಸಾರಗಳನ್ನು ಸಾಕಿದೆ! ಊರಿನ ಚರಿತ್ರೆ ಹೇಳಿ ಅಂದರೆ ಮಾತ್ರ ನಾವು ರಾಜರು, ಪಾಳೇಗಾರರು, ದೇವಸ್ಥಾನ ಅಂತ ಶುರು ಮಾಡುತ್ತೇವೆ.

ಬರೆದಿಡುವುದು ನಮಗೆ ಹೊಸದಲ್ಲ. ಕೆರೆ ಕಟ್ಟಿಸಿದವನಿಗೆ ಬಿಟ್ಟ ಕಟ್ಟುಕೊಡಗೆ ಭೂಮಿಯ ಎಲ್ಲೆಯನ್ನು ಕಲ್ಲಿನಲ್ಲಿ ಕೆತ್ತಿದವರು ನಾವು. ತುರುಗಳನ್ನು ಬಿಡಿಸಲು ಹೋಗಿ ಸತ್ತವನಿಗೂ ವೀರಗಲ್ಲು ನಿಲ್ಲಿಸಿದ್ದೇವೆ. ಆದರೆ ಆ ಕೆರೆಯ ಏರಿಗೆ ಮಣ್ಣು ಹೊತ್ತವರ ಹೆಸರು ಶಾಸನದಲ್ಲಿಲ್ಲ. ನಿಕೋಡಿಮಸ್‌ನಲ್ಲಿ ಗುದ್ದಲಿ ಹಿಡಿದವರದೇ ಚರಿತ್ರೆ. ನಾವು ಕಲಿಯಬೇಕಾದದ್ದು ಇದನ್ನೇ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಜನ ಸೇರಿಸಲು ನಾವು ಹೊಸ ಹಬ್ಬ ಹುಡುಕಬೇಕಿಲ್ಲ, ಜಾತ್ರೆಗೆ ಎಲ್ಲರೂ ಊರಿಗೆ ಬಂದೇ ಬರುತ್ತಾರೆ. ಆ ದಿನಗಳಲ್ಲೇ ಹಿರಿಯರನ್ನು ಕೂರಿಸಿಕೊಂಡು ಮಾತು ಧ್ವನಿಮುದ್ರಿಸೋಣ, ಹಳೆಯ ಪಹಣಿ, ಮಂಡಿ ಲೆಕ್ಕದ ಪುಸ್ತಕಗಳ ಫೋಟೋ ತೆಗೆದಿಡೋಣ. ಶುರು ಮಾಡಬೇಕಾದದ್ದು ಕಾಯಿ ಸುಲಿದವರ, ಮೂಟೆ ಹೊತ್ತ ಹಮಾಲರ ಮನೆಗಳಿಂದ.